ಕೂಳಿಗೆ ಬಿದ್ದ ಏಡಿ, ಬೀಳದ ಏಡಿ

ಬೇಲೂರು, ಹಳೇಬೀಡು, ಅರಸೀಕೆರೆಗಳು ಕಡಲಿನಿಂದ ದೂರವಿದ್ದರೂ ಏಡಿಗೆ ಹೊರಗಾದ ಊರುಗಳಲ್ಲ. ಯಗಚಿಯ ಕಲ್ಲುಸಂದಿಗಳಲ್ಲಿ, ಕೆರೆಯಂಚಿನ ಜೇಡಿಮಣ್ಣಿನಲ್ಲಿ, ಗದ್ದೆಯ ಬದುಗಳಲ್ಲಿ ಅದರ ವಾಸ. ಬದುವಿಗೆ ಬಿಲ ಕೊರೆದು ಕಟ್ಟಿದ ನೀರನ್ನು ಬೆಳಗಾಗುವುದರೊಳಗೆ ಸೋರಗೊಡುವುದರಿಂದ ರೈತನಿಗೆ ಅದರ ಮೇಲೆ ಸಿಟ್ಟುಂಟು. ಏಡಿ ಮಿತಿಮೀರಿತೆಂದು ವಿಷವಿಡುವವರೂ ಉಂಟು, ವಿಷದಿಂದ ಏಡಿಯ ಸಂತತಿಯೇ ಅಳಿಯಿತೆಂದು ಮರುಗುವವರೂ ಉಂಟು. ಯಾವುದು ದಿಟವೆಂಬುದನ್ನು ಎಣಿಸದೆ ಹೇಳಲಾಗದು. ಎಣಿಸುವುದಾದರೋ ಎಣಿಸಿದಷ್ಟು ಸುಲಭವಲ್ಲ!

ಸಂಜೆ ಹರಿವ ನೀರಿಗೆ ಬಿದಿರಿನ ಕೂಳಿಯೊಡ್ಡಿದೆವು, ಬೆಳಿಗ್ಗೆ ಹತ್ತು ಏಡಿಗಳು ಸಿಕ್ಕವು ಎನ್ನೋಣ. ಹತ್ತು ಎಂಬುದು ಆ ಹೊಳೆಯ ಏಡಿಗಳ ಲೆಕ್ಕವೆ? ಅಲ್ಲ, ಆ ರಾತ್ರಿ ಹಸಿದು ಹೊರಟ, ಕೂಳಿಯ ಬಾಯಿಯೊಳಗೆ ಹಿಡಿಸುವ, ಅದರ ಕಡ್ಡಿಗಳ ಸಂದಿನಿಂದ ನುಸುಳಲಾರದ ಏಡಿಗಳ ಲೆಕ್ಕವಷ್ಟೆ. ಹಳೆಯ ಚಿಪ್ಪನ್ನು ಕಳಚಿದ ಏಡಿ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಉಣ್ಣದೆ ಅಡಗಿರುತ್ತದೆ. ದೊಡ್ಡ ಗಂಡೊಂದು ಮೊದಲೇ ಒಳಹೊಕ್ಕಿದ್ದರೆ ಚಿಕ್ಕವು ಹತ್ತಿರ ಸುಳಿಯಲು ಹಿಂಜರಿಯುತ್ತವೆ. ಮಳೆ ಕಡಿಮೆಯಾದ ಅರಸೀಕೆರೆಯ ಕಡೆ ಬೇಸಗೆಯಲ್ಲಿ ಕೆರೆ ಬತ್ತಿದಾಗ ಏಡಿಗಳು ತೇವವನ್ನು ಅರಸಿ ಬಿಲದ ಆಳಕ್ಕಿಳಿಯುತ್ತವೆ. ಆಗ ಮೇಲೆ ಒಂದೂ ಕಾಣದು, ಆದರೂ ಏಡಿಗಳಿವೆ.

ಹಾಗಾದರೆ ಬಿಲಗಳನ್ನೇ ಎಣಿಸಬಹುದಲ್ಲ? ಎಣಿಸಬಹುದು, ಆದರೆ ಕೆಲವು ಬರಿದಾಗಿರುತ್ತವೆ. ಆದುದರಿಂದ ಕೆಲವನ್ನು ಅಗೆದು, ನೂರಕ್ಕೆ ಎಷ್ಟರಲ್ಲಿ ಏಡಿಯಿದೆಯೆಂದು ತಿಳಿದು ಲೆಕ್ಕವನ್ನು ತಿದ್ದಬೇಕು. ಏಡಿಗಳು ಎಲ್ಲೆಡೆ ಸಮನಾಗಿ ಹರಡಿರುವುದೂ ಇಲ್ಲ. ತೇವದ ಬದುವೊಂದನ್ನೇ ಆರಿಸಿಕೊಂಡು ಎಣಿಸಿ ಊರಿಗೆಲ್ಲ ಗುಣಿಸಿದರೆ ಉತ್ತರ ಊದಿಕೊಳ್ಳುವುದು ಖಂಡಿತ.

ಕಡಲಿನಲ್ಲಿಯೂ ಇದೇ ತೊಡಕು. ಮಂಗಳೂರು, ಮಲ್ಪೆಗಳ ದೋಣಿಗಳು ತಳದಲ್ಲಿ ಟ್ರಾಲ್ ಬಲೆಯನ್ನೆಳೆಯುತ್ತವೆ. 10 ಮೀಟರು ಅಗಲದ ಬಾಯುಳ್ಳ ಬಲೆ 3 ಕಿಲೋಮೀಟರು ಸಾಗಿದರೆ ಗುಡಿಸಿದ ನೆಲ 3 ಹೆಕ್ಟೇರು. ಅದರಲ್ಲಿ 60 ಏಡಿಗಳು ಬಂದರೆ ಹೆಕ್ಟೇರಿಗೆ 20 ಎನ್ನುತ್ತೇವೆ. ಆದರೆ ಬೆನ್ನ ಮೇಲೆ ಮೂರು ಚುಕ್ಕೆಗಳುಳ್ಳ ಈಜು ಏಡಿ ಮರಳಿನಲ್ಲಿ ಹೂತುಕೊಳ್ಳಬಲ್ಲದು. ಅರ್ಧದಷ್ಟರ ಮೇಲೆ ಬಲೆ ಹಾಗೆಯೇ ಹಾದುಹೋಗಿದ್ದರೆ ನಿಜ ಸಂಖ್ಯೆ 40. ಬಂಡೆಗಳಿರುವಲ್ಲಿ ಬಲೆ ಹರಿಯುವುದೆಂದು ಯಾರೂ ಎಳೆಯುವುದೇ ಇಲ್ಲ. ಅಲ್ಲಿನ ಏಡಿ ಲೆಕ್ಕಕ್ಕೇ ಬಾರದು.

ಎಣಿಕೆ ತಪ್ಪಿದರೆ ಹೆಚ್ಚು ಹಾನಿ ನಮ್ಮ ಒಳನಾಡಿನ ಏಡಿಗೆ. ಕಡಲೇಡಿಯ ಮರಿಗಳು ವಾರಗಟ್ಟಲೆ ನೀರಿನಲ್ಲಿ ತೇಲಿ ದೂರದ ತಳಗಳನ್ನು ಸೇರುತ್ತವೆ. ಸಿಹಿನೀರಿನ ಏಡಿಗೆ ಆ ತೇಲುವ ಅವಸ್ಥೆಯೇ ಇಲ್ಲ. ತಾಯ ಹೊಟ್ಟೆಯ ಮಡಿಕೆಯಿಂದ ಪುಟ್ಟ ಏಡಿಗಳಾಗಿಯೇ ಹೊರಬೀಳುತ್ತವೆ. ಒಂದು ಕೆರೆಯಲ್ಲಿ ಅವು ಪೂರ್ತಿ ನಶಿಸಿದರೆ ಮತ್ತೆ ಬರಬೇಕಾದುದು ಪಕ್ಕದ ಹಳ್ಳದಿಂದ, ಕಾಲ್ನಡಿಗೆಯಲ್ಲಿ.