ಮಗಳ ಉಪಾಸ ಮತ್ತು ಐದು ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ಕಲಬುರಗಿಯ ಹಾಸ್ಟೆಲ್‌ನಾಗ ಇದ್ದು ಪಿಯುಸಿ ಓದ್ತಾಳ. ರಜೆಗೆ ಬಂದಾಗ ನೋಡಿದರ ಬಹಳ ಸೊರಗ್ಯಾಳ. ಅರ್ಧ ರೊಟ್ಟಿ ತಿಂದು ಏಳ್ತಾಳ. ವಾರದಾಗ ಮೂರು ದಿನ ಉಪಾಸ. ಕೇಳಿದರ ‘ಹೊಟ್ಟಿ ಭಾರ ಆಗ್ಯಾದವ್ವ’ ಅಂತಾಳ. ಮೊಬೈಲ್‌ನಾಗ ಸಿಕ್ಕ ಐದು ಪ್ರಶ್ನೆ ಮನೆಯವರ ಮುಂದ ಕೇಳಿದೆ. ತೂಕ ಇಳಿದದ್ದಕ್ಕ ಮಾತ್ರ ‘ಹೌದು’ ಅಂದಳು. ಸುಮ್ಮ ಇರಬಹುದೇನ್ರಿ?
– ಒಬ್ಬ ತಾಯಿ, ಇಜೇರಿ

ಉತ್ತರ: ಸುಮ್ಮನಿರಬೇಡಿ ತಾಯಿ. ನೀವು ಕೇಳಿದ್ದು, ಊಟಕ್ಕೆ ಸಂಬಂಧಿಸಿದ ಮನೋಕಾಯಿಲೆಯ ಸುಳಿವು ಹಿಡಿಯಲು 1999ರಲ್ಲಿ ಲಂಡನ್ನಿನ ವೈದ್ಯರು ರೂಪಿಸಿದ ‘ಸ್ಕಾಫ್’ ಪ್ರಶ್ನಾವಳಿ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ತಿನ್ನುವುದರ ಮೇಲೆ ಹಿಡಿತ ತಪ್ಪಿದ ಆತಂಕ, ಮೂರು ತಿಂಗಳಲ್ಲಿ ಸುಮಾರು ಆರೂವರೆ ಕಿಲೋ ಇಳಿಕೆ, ತೆಳ್ಳಗಿದ್ದರೂ ದಪ್ಪಗಿದ್ದೇನೆಂಬ ನಂಬಿಕೆ, ದಿನವೆಲ್ಲ ಊಟದ್ದೇ ಯೋಚನೆ: ಇವೇ ಆ ಐದು. ಎರಡಕ್ಕೆ ‘ಹೌದು’ ಬಂದರೆ ವಿವರವಾಗಿ ವಿಚಾರಿಸಬೇಕು ಎಂದಷ್ಟೇ ಅದರ ಅರ್ಥ. ಒಂದೇ ಬಂದರೆ ಕಾಯಿಲೆ ಇಲ್ಲವೆಂದಲ್ಲ. ಅದೂ ಮನೆಯವರೆಲ್ಲ ಕೂತಿರುವಾಗ ಯಾವ ಹುಡುಗಿ ವಾಂತಿಯ ಮಾತು ಒಪ್ಪಿಕೊಂಡಾಳು?

ಇನ್ನೊಂದು ತೊಡಕಿದೆ. ಊಟ ಬಿಟ್ಟು ಸೊರಗಿದ ನಮ್ಮ ಕಡೆಯ ಎಷ್ಟೋ ಹುಡುಗಿಯರು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ. ಹಸಿವಿಲ್ಲ, ಹೊಟ್ಟೆ ಭಾರ ಎನ್ನುತ್ತಾರೆ. ದೆಹಲಿಯ ವೈದ್ಯರು 1990ರ ದಶಕದಲ್ಲೇ ಇಂಥವರ ಬಗ್ಗೆ ಬರೆದಿದ್ದಾರೆ. ಇದಕ್ಕೆ ಉಲ್ಟಾ ಆಗುವುದೂ ಉಂಟು. ಉತ್ತರ ಭಾರತದ ಶಾಲಾ ಹುಡುಗಿಯರಿಗೆ ಇಂಥದೇ ‘ಈಟ್’ ಎಂಬ ಪ್ರಶ್ನಾವಳಿ ಕೊಟ್ಟು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ‘ಹೌದು’ಗಳ ಹಿಂದೆ ಇದ್ದದ್ದು ಕಾಯಿಲೆಯಲ್ಲ, ವ್ರತ ಮತ್ತು ಮನೆಯ ಸಂಸ್ಕಾರ.

ಹಾಗಾಗಿ ಉಪಾಸವನ್ನೇ ಗಮನಿಸಿ. ಮನೆಯ ವಾಡಿಕೆಯೋ, ಅವಳೊಬ್ಬಳೇ ಹೆಚ್ಚಿಸಿಕೊಂಡದ್ದೋ? ಉಪಾಸ ಬಿಡುವಾಗ ಸಜ್ಜಕ ಬಡಿಸಿದರೆ ಖುಷಿಯಿಂದ ತಿನ್ನುತ್ತಾಳೋ, ನೆಪ ಹೇಳಿ ಏಳುತ್ತಾಳೋ? ಮುಟ್ಟು ನಿಂತಿದೆಯೇ? ಇದನ್ನು ಅವಳೊಬ್ಬಳೇ ಇದ್ದಾಗ, ಬೈಯದೆ ಕೇಳಿ.

ಈ ವಾರವೇ ಜೇವರ್ಗಿ ಆಸ್ಪತ್ರೆಗೆ ಕರೆದೊಯ್ಯಿರಿ. ತೂಕ, ನಾಡಿ, ರಕ್ತದೊತ್ತಡ, ಪೊಟ್ಯಾಸಿಯಂ ನೋಡಿಸಿ; ಕ್ಷಯ, ಥೈರಾಯ್ಡ್, ಸಕ್ಕರೆ ಕಾಯಿಲೆಯಿಂದಲೂ ಸೊರಗುತ್ತಾರೆ. ಆಮೇಲೆ ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಅದೇ ದಿನ ಹೊರಡಿ. ಒಮ್ಮೆಲೇ ಒತ್ತಾಯದಿಂದ ಹೊಟ್ಟೆ ತುಂಬ ಉಣಿಸಬೇಡಿ. ಬಹಳ ದಿನ ಬರಿದಾದ ದೇಹದಲ್ಲಿ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾದೀತು. ಫೋನ್‌ನಲ್ಲೇ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಸಿಗುತ್ತದೆ.

ಪ್ರಶ್ನೆ: ‘ಈಟ್-26’ ಪ್ರಶ್ನಾವಳಿಯನ್ನು ನಮ್ಮ ಶಾಲೆಯ ಎಲ್ಲ ಹುಡುಗಿಯರಿಗೂ ಹಂಚಬಹುದೇ?
– ಶಿಕ್ಷಕಿ, ಜೇವರ್ಗಿ ತಾಲ್ಲೂಕು

ಉತ್ತರ: 20 ಅಥವಾ ಹೆಚ್ಚು ಅಂಕ ಬಂದ ಮಗುವನ್ನು ಮುಂದೆ ಮಾತಾಡಿಸುವ ವೈದ್ಯರೋ ಆಪ್ತ ಸಮಾಲೋಚಕರೋ ಸಿಗುವುದು ಖಚಿತವಾದರೆ, ಪಾಲಕರ ಒಪ್ಪಿಗೆ ಪಡೆದು ಹಂಚಿ. ಇಲ್ಲವಾದರೆ ಬೇಡ. ಹುಡುಗರನ್ನು ಬಿಡಬೇಡಿ, ಅವರಿಗೂ ಈ ಕಾಯಿಲೆ ಬರುತ್ತದೆ. ತರಗತಿಯ ಎದುರು ಯಾರ ತೂಕವನ್ನೂ ಕೂಗಿ ಹೇಳಬೇಡಿ.