ಅಂಗಡಿ ಓಡುವುದೋ, ನಡೆಯುವುದೋ? ‘ರನ್’ ಪದದ ಸ್ಪ್ಯಾನಿಷ್ ಅನುವಾದ



ಕಳೆದ ರಜೆಯಲ್ಲಿ ನಾನು ಸ್ಪ್ಯಾನಿಷ್ ಕಲಿಯಲು ಆರಂಭಿಸಿದೆ. ಸ್ಪೇನ್ ಮಾತ್ರವಲ್ಲ, ಮೆಕ್ಸಿಕೊ, ಕೊಲಂಬಿಯಾ, ಪೆರು, ಅರ್ಜೆಂಟೀನಾ ಸೇರಿದಂತೆ ಸುಮಾರು 20 ದೇಶಗಳಲ್ಲಿ ಬ್ಯಾಂಕು, ಕಚೇರಿ, ವ್ಯಾಪಾರ ನಡೆಯುವುದು ಈ ಭಾಷೆಯಲ್ಲಿ. ವಾಣಿಜ್ಯ ಓದುವವರಿಗೆ ಮುಂದೆ ಉಪಯೋಗವಾಗಬಹುದು ಎಂಬ ಆಸೆ ನನ್ನದು.

ಮನೆಯವರ ಬಗ್ಗೆ ಐದು ವಾಕ್ಯ ಬರೆಯುವ ಅಭ್ಯಾಸ ಬಂತು. ‘ಮೈ ಅಂಕಲ್ ರನ್ಸ್ ಎ ಶಾಪ್’ ಎಂದು ಇಂಗ್ಲಿಷಿನಲ್ಲಿ ಯೋಚಿಸಿದೆ. ನಿಘಂಟಿನಲ್ಲಿ ‘ರನ್’ ಹುಡುಕಿದೆ. ಮೊದಲು ಕಂಡ ‘ಕೊರ್ರೆರ್’ ಎಂಬ ಕ್ರಿಯಾಪದ ತೆಗೆದುಕೊಂಡು ‘ಮಿ ತಿಯೊ ಕೊರ್ರೆ ಉನಾ ತಿಯೆಂದಾ’ ಎಂದು ಬರೆದೆ. ವಾಕ್ಯ ತಪ್ಪು! ಕೊರ್ರೆರ್ ಎಂದರೆ ಮುಖ್ಯವಾಗಿ ಕಾಲಿನಿಂದ ಓಡುವುದು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲಾದ ಮುಂದೆ ಕುಳಿತಿರುವ ನಮ್ಮ ಮಾಮುವನ್ನು ನಾನು ಓಡಿಸಿಬಿಟ್ಟಿದ್ದೆ.

ತಪ್ಪು ನನ್ನೊಬ್ಬರದೇ ಅಲ್ಲ, ಪದವೂ ಅಂಥದ್ದೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ‘ರನ್’ ಎಂಬ ಕ್ರಿಯಾಪದ ಒಂದಕ್ಕೇ 645 ಅರ್ಥಗಳನ್ನು ಗುರುತಿಸಿದ್ದಾರೆ ಎಂದು 2011ರಲ್ಲಿ ವರದಿಯಾಗಿತ್ತು. ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿಟ್ಟಿರುವುದನ್ನು ಸ್ಪ್ಯಾನಿಷ್ ಹಲವು ಪದಗಳಲ್ಲಿ ಹಂಚಿಟ್ಟಿದೆ. ಹಾಗಾದರೆ ಸರಿಯಾದ ಪದವನ್ನು ಆರಿಸುವುದು ಹೇಗೆ?

ನನಗೆ ಸಿಕ್ಕ ದಾರಿ ಸರಳ. ಇಂಗ್ಲಿಷ್ ವಾಕ್ಯವನ್ನು ಮೊದಲು ಕನ್ನಡದಲ್ಲಿ ಅಥವಾ ಮನೆಮಾತಿನಲ್ಲಿ ಸಹಜವಾಗಿ ಹೇಳಿ ನೋಡಬೇಕು. ಆಗ ಒಂದೇ ‘ರನ್’ ತಾನಾಗಿಯೇ ಬೇರೆ ಬೇರೆ ಕ್ರಿಯಾಪದಗಳಾಗಿ ಬಿಡಿಸಿಕೊಳ್ಳುತ್ತದೆ. ಕೆಲವು ಉದಾಹರಣೆಗಳನ್ನು ನೋಡೋಣ.

1. ಹುಡುಗ ಓಡುತ್ತಾನೆ. ಇದು ನಿಜವಾದ ಓಟ. ‘ಎಲ್ ನಿನ್ಯೊ ಕೊರ್ರೆ.’ ಇಲ್ಲಿ ಕೊರ್ರೆರ್ ಸರಿ.

2. ಮಾಮು ಅಂಗಡಿ ನಡೆಸುತ್ತಾರೆ. ಉರ್ದುವಿನಲ್ಲಿ ‘ದುಕಾನ್ ಚಲಾತೇ ಹೈಂ’ ಎನ್ನುತ್ತೇವೆ. ಅಂದರೆ ಇಂಗ್ಲಿಷಿನವರು ಅಂಗಡಿಯನ್ನು ಓಡಿಸಿದರೆ, ಕನ್ನಡದವರೂ ಉರ್ದುವಿನವರೂ ಅದನ್ನು ನಡೆಸುತ್ತಾರೆ. ಸ್ಪ್ಯಾನಿಷ್‌ನವರು ಅದನ್ನು ಹೊರುತ್ತಾರೆ! ‘ಮಿ ತಿಯೊ ಯೆವಾ ಉನಾ ತಿಯೆಂದಾ.’ ‘ಯೆವಾರ್’ ಪದಕ್ಕೆ ಒಯ್ಯು, ಹೊತ್ತು ಸಾಗು ಎಂಬ ಅರ್ಥವಿದೆ. ಕಾರ್ಖಾನೆ, ದೊಡ್ಡ ಸಂಸ್ಥೆಗಳಾದರೆ ‘ದಿರಿಹಿರ್’, ಅಂದರೆ ನಿರ್ದೇಶಿಸು.

3. ಯಂತ್ರ ಕೆಲಸ ಮಾಡುತ್ತಿದೆ. ‘ಲಾ ಮಾಕಿನಾ ಫುನ್ಸಿಯೊನಾ.’

4. ಅವರು ಚುನಾವಣೆಗೆ ನಿಂತಿದ್ದಾರೆ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಚುನಾವಣೆಗೆ ಓಡುತ್ತಾನೆ, ನಮ್ಮಲ್ಲಿ ನಿಲ್ಲುತ್ತಾನೆ. ಸ್ಪ್ಯಾನಿಷ್‌ನಲ್ಲಿ ‘ಪ್ರೆಸೆಂತಾರ್ಸೆ’, ಅಂದರೆ ತನ್ನನ್ನು ತಾನು ಮುಂದಿಡುತ್ತಾನೆ.

5. ಒಪ್ಪಂದ ಎರಡು ವರ್ಷ ಇರುತ್ತದೆ. ‘ಎಲ್ ಕೊಂತ್ರಾತೊ ದುರಾ ದೊಸ್ ಆನ್ಯೊಸ್.’ ‘ದುರಾರ್’ ಎಂದರೆ ಅವಧಿಯವರೆಗೆ ಉಳಿಯುವುದು.

6. ನಮ್ಮಲ್ಲಿ ಸಕ್ಕರೆ ಮುಗಿದುಹೋಯಿತು. ಇಂಗ್ಲಿಷಿನ ‘ವಿ ರ್‍ಯಾನ್ ಔಟ್ ಆಫ್ ಶುಗರ್’ ವಾಕ್ಯದಲ್ಲಿ ಕರ್ತೃ ನಾವು. ಕನ್ನಡದಲ್ಲಿ ಕರ್ತೃ ಸಕ್ಕರೆ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ: ‘ಸೆ ನೊಸ್ ಅಕಾಬೊ ಎಲ್ ಅಸೂಕಾರ್.’ ಇಂಗ್ಲಿಷ್ ವಾಕ್ಯದ ಜಾಡು ಹಿಡಿದಿದ್ದರೆ ಇದು ಕಷ್ಟ. ಕನ್ನಡದಿಂದ ಹೊರಟರೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ. ಅಂದ ಹಾಗೆ, ‘ಅಸೂಕಾರ್’ ಬಂದಿರುವುದು ಅರಬಿಯ ‘ಅಸ್ಸುಕ್ಕರ್’ನಿಂದ. ಅದರ ಮೂಲ ಸಂಸ್ಕೃತದ ‘ಶರ್ಕರಾ’. ನಮ್ಮ ಸಕ್ಕರೆ, ಉರ್ದುವಿನ ಶಕ್ಕರ್ ಎಲ್ಲವೂ ಅದೇ ಮನೆತನದವು.

ಇಲ್ಲಿ ಒಂದು ಎಚ್ಚರಿಕೆ. ಕನ್ನಡದ ಪದವನ್ನೂ ಹಾಗೆಯೇ ಅನುವಾದಿಸಬಾರದು. ನಾವು ‘ಬಸ್ ಓಡುತ್ತದೆ’ ಎನ್ನುತ್ತೇವೆ. ಆದರೆ ಬಸ್ಸು 20 ನಿಮಿಷಕ್ಕೊಮ್ಮೆ ಇದೆ ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವಾಗ ‘ಪಾಸಾರ್’, ಅಂದರೆ ಹಾದುಹೋಗು ಎಂಬ ಪದ ಬರುತ್ತದೆ. ಕನ್ನಡ ನಮಗೆ ಅರ್ಥವನ್ನು ತಿಳಿಸುತ್ತದೆ. ಪದವನ್ನು ಮಾತ್ರ ಸ್ಪ್ಯಾನಿಷ್ ವಾಕ್ಯಗಳನ್ನು ಓದಿಯೇ ಕಲಿಯಬೇಕು. ನಿಘಂಟಿನಲ್ಲಿ ಮೊದಲ ಅರ್ಥಕ್ಕೇ ನಿಲ್ಲದೆ, ಕೊಟ್ಟಿರುವ ಉದಾಹರಣೆಗಳನ್ನೂ ಪೂರ್ತಿ ಓದಬೇಕು.

ಹಾಗೆಂದು ಕೊರ್ರೆರ್ ಪದಕ್ಕೆ ಹೆದರಬೇಕಾಗಿಯೂ ಇಲ್ಲ. ‘ರನ್ ಎ ರಿಸ್ಕ್’ ಎನ್ನುವುದು ಸ್ಪ್ಯಾನಿಷ್‌ನಲ್ಲೂ ‘ಕೊರ್ರೆರ್ ಉನ್ ರಿಯೆಸ್ಗೊ’ ಎಂದೇ ಆಗುತ್ತದೆ. ನಮಗೆ ಇನ್ನೂ ಹತ್ತಿರದ ಒಂದು ಮಾತಿದೆ. ನಾವು ಅಕೌಂಟೆನ್ಸಿಯಲ್ಲಿ ಓದುವ ಕರೆಂಟ್ ಅಕೌಂಟ್‌ಗೆ ಅವರು ‘ಕ್ವೆಂತಾ ಕೊರ್ರಿಯೆಂತೆ’ ಎನ್ನುತ್ತಾರೆ. ‘ಕೊರ್ರಿಯೆಂತೆ’ ಬಂದಿರುವುದು ಕೊರ್ರೆರ್‌ನಿಂದ. ಇಂಗ್ಲಿಷಿನ ‘ಕರೆಂಟ್’ ಪದದ ಮೂಲವೂ ಓಡು ಎಂಬ ಅರ್ಥದ ಲ್ಯಾಟಿನ್ ಪದವೇ. ಕನ್ನಡದಲ್ಲಿ ಅದು ಚಾಲ್ತಿ ಖಾತೆ. ‘ಚಾಲ್ತಿ’ಯಲ್ಲಿರುವುದು ಉರ್ದುವಿನ ‘ಚಲ್ನಾ’ದಲ್ಲಿರುವ ಅದೇ ‘ಚಲ್’. ಅವರ ಖಾತೆ ಓಡುತ್ತದೆ, ನಮ್ಮದು ನಡೆಯುತ್ತದೆ. ಲೆಕ್ಕ ಒಂದೇ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವುದರಿಂದ ನಮಗೆ ಯಾವ ಭಾಷೆಯೂ ಸರಿಯಾಗಿ ಬರುವುದಿಲ್ಲ ಎಂದು ನಮ್ಮಲ್ಲಿ ಹಲವರು ಕೊರಗುತ್ತೇವೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನನ್ನ ತಪ್ಪನ್ನು ತಿದ್ದಿದ್ದು ಇಂಗ್ಲಿಷ್ ಅಲ್ಲ. ‘ನಡೆಸು’ ಮತ್ತು ‘ಚಲಾನಾ’ ಎಂಬ ಮನೆಯ ಎರಡು ಪದಗಳು. ಒಂದೇ ಸಂಗತಿಯನ್ನು ಎರಡು ರೀತಿಯಲ್ಲಿ ಹೇಳುವುದು ಚಿಕ್ಕಂದಿನಿಂದ ಅಭ್ಯಾಸವಾಗಿರುವವರಿಗೆ ಮೂರನೆಯ ರೀತಿ ಕಲಿಯಲು ಭಯವೇಕೆ?

ಅಭ್ಯಾಸ: ಈ ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಹೇಳಿ, ನಂತರ ಮೇಲಿನ ಪಾಠದಿಂದ ಸ್ಪ್ಯಾನಿಷ್ ಕ್ರಿಯಾಪದವನ್ನು ಆರಿಸಿ.

ಅ) ಹರ್ ಆಂಟ್ ರನ್ಸ್ ಎ ಸ್ಮಾಲ್ ಬೇಕರಿ.
ಆ) ದಿ ಲಿಫ್ಟ್ ಈಸ್ ನಾಟ್ ರನ್ನಿಂಗ್ ಟುಡೇ.
ಇ) ದಿ ಸೇಲ್ ರನ್ಸ್ ಫಾರ್ ತ್ರೀ ಡೇಸ್.

ಉತ್ತರಗಳು: ಅ) ಯೆವಾರ್ ಆ) ಫುನ್ಸಿಯೊನಾರ್ ಇ) ದುರಾರ್. ಮೂರರಲ್ಲಿ ಒಂದಕ್ಕಾದರೂ ‘ಕೊರ್ರೆರ್’ ಎಂದು ಬರೆದಿದ್ದರೆ ಬೇಸರಿಸಬೇಡಿ. ನಾನೂ ಅಲ್ಲಿಂದಲೇ ಆರಂಭಿಸಿದ್ದು.