ಮಂಜುಗಡ್ಡೆಯಲ್ಲಿ ಸೆರೆಯಾದ ಗಾಳಿ

ಕಲ್ಲು ಶಾಸನವನ್ನು ಉಳಿಸಿಕೊಳ್ಳುತ್ತದೆ. ನದಿಯು ತನ್ನ ಹಳೆಯ ಪಾತ್ರವನ್ನು ಮೆಕ್ಕಲುಮಣ್ಣಿನಲ್ಲಿ ತೋರಿಸಿಕೊಡುತ್ತದೆ. ಅಳಿದುಹೋದ ಪ್ರಾಣಿಯೂ ಎಲುಬನ್ನು ಬಿಟ್ಟುಹೋಗುತ್ತದೆ. ಗಾಳಿಯಾದರೋ ಗುರುತನ್ನು ಉಳಿಸುವ ವಸ್ತುವಲ್ಲ. ಹೀಗಿರುವಲ್ಲಿ, ಲಕ್ಷ ವರ್ಷಗಳ ಹಿಂದೆ ಬೀಸುತ್ತಿದ್ದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದ್ದಿತೆಂದು ಹೇಳುವುದು ಹೇಗೆ?

ಈ ಪ್ರಶ್ನೆಯು ಕೇವಲ ಕುತೂಹಲದಿಂದ ಹುಟ್ಟಿದುದಲ್ಲ. ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಅನಿಲಗಳು ಸೂರ್ಯನ ಬೆಳಕನ್ನು ತಡೆಯದೆ ಒಳಕ್ಕೆ ಬಿಡುತ್ತವೆ. ಆದರೆ ಕಾದ ನೆಲವು ಹೊರಸೂಸುವ ಶಾಖಕಿರಣಗಳನ್ನು ಹೀರಿ, ಅದರಲ್ಲೊಂದು ಪಾಲನ್ನು ಮರಳಿ ನೆಲದ ಕಡೆಗೇ ಕಳುಹಿಸುತ್ತವೆ. ಚಳಿನಾಡುಗಳಲ್ಲಿ ಗಿಡಗಳನ್ನು ಬೆಳೆಸುವ ಗಾಜಿನ ಮನೆಗಳಿಗೆ ಹೋಲಿಸಿ ಇವುಗಳನ್ನು ಹಸುರುಮನೆಯ ಅನಿಲಗಳೆಂದು ಕರೆದಿದ್ದಾರೆ. ಹೋಲಿಕೆಯೇನೋ ಪೂರ್ತಿ ಸರಿಯಲ್ಲ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಕ್ಕೆ ಹೋಗಲಾರದುದರಿಂದ. ಆದರೂ ಹೆಸರು ನಿಂತುಬಿಟ್ಟಿದೆ. 1958ರಲ್ಲಿ ಚಾರ್ಲ್ಸ್ ಕೀಲಿಂಗರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಇಂಗಾಲದ ಡೈಆಕ್ಸೈಡನ್ನು ಎಡೆಬಿಡದೆ ಅಳೆಯಲಾರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿದ್ದಿತು. ಅಲ್ಲಿಂದ ಮುಂದಕ್ಕೆ ವರ್ಷವರ್ಷವೂ ಏರಿತು. ಆದರೆ 1958ಕ್ಕೆ ಹಿಂದಿನ ಲೆಕ್ಕವಿಲ್ಲದಿದ್ದರೆ, ಈ ಏರಿಕೆಯು ಪ್ರಕೃತಿಯ ಎಂದಿನ ಏರಿಳಿತವೋ, ಹಿಂದೆಂದೂ ಕಾಣದ ಸಂಗತಿಯೋ ಎಂದು ನಿರ್ಣಯಿಸುವುದು ಹೇಗೆ? ಆ ಲೆಕ್ಕವನ್ನು ಒದಗಿಸಿದುದು ದಕ್ಷಿಣ ಧ್ರುವಖಂಡದ ಮಂಜುಗಡ್ಡೆ. ಅದನ್ನು ಓದುವ ದಾರಿಯನ್ನು ತೋರಿಸಿದವರಲ್ಲಿ ಫ್ರಾನ್ಸಿನ ಕ್ಲೋಡ್ ಲೋರಿಯಸರು ಮುಖ್ಯರು.

ಲೋರಿಯಸರು ಹುಟ್ಟಿದುದು 1932ರಲ್ಲಿ. ಅಂತರರಾಷ್ಟ್ರೀಯ ಭೂಭೌತ ವರ್ಷದ ಅಂಗವಾಗಿ ಧ್ರುವಖಂಡಕ್ಕೆ ಹೋಗಲು ತರುಣ ಸಂಶೋಧಕರು ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ವಿಶ್ವವಿದ್ಯಾನಿಲಯದಲ್ಲಿ ಕಂಡು ಅವರು ಮುಂದೆ ಬಂದರು. 1957ರಲ್ಲಿ ಕಡಲತೀರದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದ್ದ ಶಾರ್ಕೋ ಎಂಬ ನೆಲೆಯಲ್ಲಿ, ಹಿಮದಡಿಯ ಪುಟ್ಟ ಬಿಡಾರದೊಳಗೆ, ಇನ್ನಿಬ್ಬರೊಡನೆ ಇಡೀ ಚಳಿಗಾಲವನ್ನು ಕಳೆದರು. ಹಿಮವನ್ನು ನೋಡಿ ಅದು ಬಿದ್ದ ಕಾಲದ ಚಳಿಯನ್ನು ತಿಳಿಯುವುದು ಅವರ ಮೊದಲ ವರ್ಷಗಳ ಕೆಲಸವಾಯಿತು. ನೀರಿನ ಅಣುಗಳೆಲ್ಲವೂ ಒಂದೇ ತೂಕದವಲ್ಲ. ಕೆಲವುಗಳಲ್ಲಿ ಸಾಧಾರಣ ಹೈಡ್ರೋಜನ್ನಿಗೆ ಬದಲಾಗಿ ಅದಕ್ಕಿಂತ ಭಾರವಾದ ಡ್ಯೂಟೀರಿಯಮ್ ಇರುತ್ತದೆ. ಮೋಡವು ಧ್ರುವದ ಕಡೆಗೆ ಸಾಗುತ್ತ ತಣಿದಂತೆಲ್ಲ ಈ ಭಾರದ ಅಣುಗಳು ಹೆಚ್ಚಾಗಿ ಮೊದಲೇ ಉದುರಿಹೋಗುತ್ತವೆ. ಆದುದರಿಂದ ಚಳಿ ಹೆಚ್ಚಿದಷ್ಟೂ ಬೀಳುವ ಹಿಮದಲ್ಲಿ ಡ್ಯೂಟೀರಿಯಮ್ ಕಡಮೆ. ಹೀಗೆ ಮಂಜುಗಡ್ಡೆಯ ಪ್ರತಿಯೊಂದು ಪದರವೂ ಒಂದು ಉಷ್ಣಮಾಪಕವಾಗುತ್ತದೆ.

ಗಾಳಿಯ ವಿಚಾರ ಅವರಿಗೆ ಹೊಳೆದುದು 1965ರಲ್ಲಿ. ಕೊರೆದು ತೆಗೆದ ಮಂಜುಗಡ್ಡೆಯ ಚೂರುಗಳನ್ನು ಒಂದು ಸಂಜೆ ವಿಸ್ಕಿಯ ಲೋಟಕ್ಕೆ ಹಾಕಿದಾಗ, ಗುಳ್ಳೆಗಳು ಸಿಡಿದು ಹೊರಬರುವುದನ್ನು ಕಂಡರೆಂದು ಅವರೇ ಹೇಳಿದ್ದಾರೆ. ಗುಳ್ಳೆಗಳಲ್ಲಿ ಗಾಳಿಯಿರುವುದು ಅದಕ್ಕೆ ಮುಂಚೆಯೂ ತಿಳಿದಿದ್ದಿತು. ಅದನ್ನು ಕೆಡಿಸದೆ ಹೊರತೆಗೆಯುವುದೇ ಕಷ್ಟ. ಮಂಜುಗಡ್ಡೆಯನ್ನು ಕರಗಿಸಿದರೆ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಬೆರೆತುಹೋಗುತ್ತದೆ. ಅಷ್ಟೇ ಅಲ್ಲ, ಧೂಳಿನಲ್ಲಿರುವ ಸುಣ್ಣದ ಅಂಶವು ಆಮ್ಲದೊಡನೆ ಸೇರಿ ಆ ಅನಿಲವನ್ನು ಹೊಸದಾಗಿಯೂ ಹುಟ್ಟಿಸುತ್ತದೆ. ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯಲ್ಲಿ ಧೂಳು ಹೆಚ್ಚಾದುದರಿಂದ ಈ ಅನಿಲದ ಮಟ್ಟಿಗೆ ಅದನ್ನು ನಂಬುವಂತಿಲ್ಲ; ದಕ್ಷಿಣ ಧ್ರುವದ್ದು ಬಹುಮಟ್ಟಿಗೆ ಶುದ್ಧ. ಕೊನೆಗೆ ಕಂಡುಕೊಂಡ ಉಪಾಯವೆಂದರೆ, ಗಾಳಿಯನ್ನೆಲ್ಲ ಹೊರಗೆಳೆದ ಪಾತ್ರೆಯಲ್ಲಿ, ಕರಗದಷ್ಟು ಚಳಿಯಲ್ಲಿ, ಮಂಜುಗಡ್ಡೆಯನ್ನು ಒಣದಾಗಿಯೇ ಪುಡಿಮಾಡುವುದು. 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ರೋಬರ್ ಡೆಲ್ಮಾಸ್ ಮತ್ತು ಅವರ ಸಹೋದ್ಯೋಗಿಗಳು, ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಂದಿಗಿಂತ ಬಹಳ ಕಡಮೆಯಿದ್ದಿತೆಂದು ತೋರಿಸಿದರು. ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಹಾನ್ಸ್ ಓಷ್ಗರರ ತಂಡವೂ ಇದೇ ನಿರ್ಣಯಕ್ಕೆ ಬಂದಿತು.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಇನ್ನೂ ಆಳದ ಮಂಜುಗಡ್ಡೆ ಬೇಕು. ಅದು ಇದ್ದುದು ಸೋವಿಯತ್ ರಷ್ಯದವರ ವೋಸ್ಟೋಕ್ ನೆಲೆಯಲ್ಲಿ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಈ ಸ್ಥಳದಲ್ಲಿ 1983ರ ಜುಲೈ 21ರಂದು ಉಷ್ಣತೆಯು ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿದ್ದಿತು. ಅಂತಹ ಚಳಿಯಲ್ಲಿ ರಷ್ಯದ ತಂತ್ರಜ್ಞರು ಎರಡು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಕೊರೆದು, ಬಾಳೆಯ ದಿಂಡಿನಂತೆ ಉರುಟಾದ ಮಂಜುಗಡ್ಡೆಯ ದಿಂಡುಗಳನ್ನು ಮೇಲೆತ್ತಿದ್ದರು. ಅಮೆರಿಕ ಮತ್ತು ರಷ್ಯಗಳ ನಡುವೆ ಮಾತು ಕಹಿಯಾಗಿದ್ದ ಕಾಲವದು. ಆದರೂ 1984ರ ಕೊನೆಯಲ್ಲಿ ಲೋರಿಯಸರು ಅಮೆರಿಕದ ವಿಮಾನದಲ್ಲಿ ವೋಸ್ಟೋಕಿಗೆ ಹೋಗಿ, ರಷ್ಯದವರು ಕೊರೆದ ಮಂಜುಗಡ್ಡೆಯನ್ನು ಗ್ರೆನೋಬಲ್ಲಿಗೆ ತಂದರು. ರಾಜತಂತ್ರಜ್ಞರು ಮಾಡಲಾರದುದನ್ನು ಮಂಜುಗಡ್ಡೆ ಮಾಡಿತೆನ್ನಬಹುದು.

1987ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶಗಳು ಹೊರಬಂದುವು. 1,60,000 ವರ್ಷಗಳ ಅವಧಿಯಲ್ಲಿ ಉಷ್ಣತೆಯ ರೇಖೆಯೂ ಇಂಗಾಲದ ಡೈಆಕ್ಸೈಡಿನ ರೇಖೆಯೂ ಜೋಡಿ ಎತ್ತುಗಳಂತೆ ಜೊತೆಜೊತೆಯಾಗಿ ಏರಿ ಇಳಿದಿದ್ದುವು. ಕಡುಹಿಮಯುಗದಲ್ಲಿ ಹತ್ತು ಲಕ್ಷಕ್ಕೆ 190ರಿಂದ 200 ಭಾಗ. ಬೆಚ್ಚನೆಯ ಕಾಲದಲ್ಲಿ 260ರಿಂದ 280 ಭಾಗ.

ಆದರೆ ಗುಳ್ಳೆಯ ಗಾಳಿ ನಿಜವಾಗಿಯೂ ಹಿಂದಿನ ಗಾಳಿಯೇ ಎಂಬ ಸಂಶಯ ನ್ಯಾಯವಾದುದೇ. ಇದಕ್ಕೆ ಉತ್ತರ ದೊರೆತುದು ಕಡಲತೀರದ ಬಳಿಯ ಲಾ ಡೋಮ್ ಎಂಬಲ್ಲಿ. ಅಲ್ಲಿ ಹಿಮ ವಿಪರೀತವಾಗಿ ಬೀಳುವುದರಿಂದ ಗಾಳಿಯು ಬೇಗ ಸೆರೆಯಾಗುತ್ತದೆ. 1958ರ ಅನಂತರದ ಗಾಳಿಯೂ ಗುಳ್ಳೆಗಳಲ್ಲಿ ಸಿಕ್ಕಿತು. ಆಸ್ಟ್ರೇಲಿಯದ ವಿಜ್ಞಾನಿಗಳು ಅದನ್ನು ಅಳೆದು ನೋಡಿದಾಗ, ಗಾಳಿಯಲ್ಲೇ ನೇರವಾಗಿ ಮಾಡಿದ ಅಳತೆಗಳೊಡನೆ ಅದು ಹೊಂದಿಕೊಂಡಿತು. ಕ್ರಿ. ಶ. 1000ದಿಂದ 1800ರ ವರೆಗೆ 275ರಿಂದ 284 ಭಾಗಗಳೊಳಗೇ ನಿಂತಿದ್ದ ಅನಿಲವು ಆಮೇಲೆ ಮೇಲೇರತೊಡಗಿದುದೂ ಅಲ್ಲಿಯೇ ಕಂಡಿತು.

ಎರಡನೆಯ ತೊಡಕು ಹೆಚ್ಚು ಸೂಕ್ಷ್ಮವಾದುದು. ವಿದ್ಯಾರ್ಥಿಗಳು ಇದನ್ನು ನಿಧಾನವಾಗಿ ಯೋಚಿಸಬೇಕು. ಬಿದ್ದ ಹಿಮವು ಕೂಡಲೇ ಗಟ್ಟಿಯಾಗುವುದಿಲ್ಲ. ಐವತ್ತರಿಂದ ನೂರು ಮೀಟರ್ ಆಳದವರೆಗೂ ಅದರ ಕಣಗಳ ನಡುವೆ ಗಾಳಿ ಆಡುತ್ತಿರುತ್ತದೆ. ಅದಕ್ಕಿಂತ ಕೆಳಗೆ ಮಾತ್ರ ರಂಧ್ರಗಳು ಮುಚ್ಚಿ ಗುಳ್ಳೆಗಳಾಗುತ್ತವೆ. ಆದುದರಿಂದ ಗುಳ್ಳೆಯ ಗಾಳಿ ಸುತ್ತಲಿನ ಮಂಜುಗಡ್ಡೆಗಿಂತ ಚಿಕ್ಕ ವಯಸ್ಸಿನದು. ಹಳೆಯ ಪೆಟ್ಟಿಗೆಯಲ್ಲಿ ಹೊಸ ಕಾಗದವನ್ನಿಟ್ಟಂತೆ. ಹಿಮವು ಬಲು ವಿರಳವಾಗಿ ಬೀಳುವ ವೋಸ್ಟೋಕಿನಲ್ಲಿ ಈ ಅಂತರ ಹಲವು ಸಾವಿರ ವರ್ಷ. ಉಷ್ಣತೆಯನ್ನು ತಿಳಿಸುವುದು ಪೆಟ್ಟಿಗೆ, ಅನಿಲವನ್ನು ತಿಳಿಸುವುದು ಕಾಗದ. ಅಂತರವನ್ನು ತಪ್ಪಾಗಿ ಎಣಿಸಿದರೆ, ಯಾವುದು ಮೊದಲು ಏರಿತೆಂಬುದೂ ತಪ್ಪಾಗುತ್ತದೆ. 2003ರಲ್ಲಿ, ಗುಳ್ಳೆಗಳೊಳಗಿನ ಆರ್ಗಾನ್ ಅನಿಲದಿಂದಲೇ ಬಿಸಿಯೇರಿಕೆಯನ್ನು ಗುರುತಿಸಿ, ಒಂದು ಹಿಮಯುಗದ ಕೊನೆಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 800 ವರ್ಷ ಹಿಂದೆ ಬಿದ್ದಿತೆಂದು ಎಣಿಸಿದರು. 2013ರಲ್ಲಿ, ನೈಟ್ರೋಜನ್ನಿನ ಭಾರದ ಪರಮಾಣುಗಳು ಎಷ್ಟು ಕೆಳಕ್ಕೆ ಇಳಿದಿದ್ದುವೆಂಬುದರಿಂದ ಸಡಿಲ ಹಿಮದ ದಪ್ಪವನ್ನು ಲೆಕ್ಕಹಾಕಿ ನೋಡಿದಾಗ, ಕೊನೆಯ ಹಿಮಯುಗವು ಮುಗಿಯುವಾಗ ಎರಡೂ ಹೆಚ್ಚುಕಡಮೆ ಒಟ್ಟಿಗೇ ಏರಿದುದು ಕಂಡಿತು.

ಅನಿಲವು ಹಿಂದೆ ಬಿದ್ದಿದ್ದರೆ ಅದು ಬಿಸಿಗೆ ಕಾರಣವಲ್ಲವೆಂದು ಕೆಲವರು ವಾದಿಸುವುದುಂಟು. ಈ ವಾದ ನಿಲ್ಲುವುದಿಲ್ಲ. ಭೂಮಿಯ ಕಕ್ಷೆಯ ಮತ್ತು ಅಕ್ಷದ ನಿಧಾನವಾದ ಬದಲಾವಣೆಯಿಂದ ಬಿಸಿಯು ಮೊದಲಿಟ್ಟಿತು. ಬೆಚ್ಚಗಾದ ಸಾಗರವು ಅನಿಲವನ್ನು ಹೊರಬಿಟ್ಟಿತು. ಆ ಅನಿಲವು ಬಿಸಿಯನ್ನು ಮತ್ತೂ ಹೆಚ್ಚಿಸಿ ಭೂಮಿಯೆಲ್ಲಕ್ಕೂ ಹರಡಿತು. ಕಕ್ಷೆಯ ಬದಲಾವಣೆಯೊಂದರಿಂದಲೇ ಅಷ್ಟು ದೊಡ್ಡ ಫಲವು ಬರಲಾರದು. ಈ ಸಲವಾದರೋ ಅನಿಲವನ್ನು ಮೊದಲು ಹಾಕಿದವರು ಕಲ್ಲಿದ್ದಲು ಮತ್ತು ಎಣ್ಣೆಯನ್ನು ಸುಟ್ಟ ನಾವೇ. ಗಿಡಗಳಿಂದ ಹುಟ್ಟಿದ ಇಂಗಾಲದಲ್ಲಿ ಇಂಗಾಲ-13 ಎಂಬ ಭಾರದ ಬಗೆಯು ಕಡಮೆ. ಕಳೆದ ಇನ್ನೂರು ವರ್ಷಗಳ ಗುಳ್ಳೆಗಳಲ್ಲಿ ಅದರ ಪಾಲು ಕುಗ್ಗುತ್ತಲೇ ಬಂದಿರುವುದು ಇದಕ್ಕೆ ಸಾಕ್ಷಿ.

1999ರ ಹೊತ್ತಿಗೆ ವೋಸ್ಟೋಕಿನ ದಿಂಡು 4,20,000 ವರ್ಷಗಳ ಚರಿತ್ರೆಯನ್ನು ಕೊಟ್ಟಿತು. ಯುರೋಪಿನ ರಾಷ್ಟ್ರಗಳು ಸೇರಿ ಡೋಮ್ ಸಿ ಎಂಬಲ್ಲಿ ಕೊರೆದ ದಿಂಡು 2008ರ ವೇಳೆಗೆ ಅದನ್ನು 8,00,000 ವರ್ಷಗಳಿಗೆ ವಿಸ್ತರಿಸಿತು. ಇಷ್ಟು ಕಾಲದಲ್ಲಿ, ಇತ್ತೀಚಿನ ಶತಮಾನಗಳನ್ನು ಬಿಟ್ಟರೆ, ಇಂಗಾಲದ ಡೈಆಕ್ಸೈಡ್ ಸುಮಾರು 172 ಭಾಗಕ್ಕಿಂತ ಕೆಳಗಿಳಿದುದೂ ಇಲ್ಲ, 300 ಭಾಗವನ್ನು ಹೆಚ್ಚಾಗಿ ದಾಟಿದುದೂ ಇಲ್ಲ. ಮೌನಾ ಲೋವಾದಲ್ಲಿ 2024ರ ಸರಾಸರಿ 420ನ್ನು ಮೀರಿದ್ದಿತು. ಕೊನೆಯ ಹಿಮಯುಗವು ಕರಗುವಾಗ ಸುಮಾರು 80 ಭಾಗದ ಏರಿಕೆಗೆ ಏಳು ಸಾವಿರ ವರ್ಷಗಳಷ್ಟು ಕಾಲ ಹಿಡಿಯಿತು. 1958ರಿಂದ ಮುಂದೆ ಅಷ್ಟೇ ಏರಿಕೆಗೆ ಸುಮಾರು 55 ವರ್ಷ ಸಾಕಾಯಿತು.

ಲೋರಿಯಸರು 2023ರ ಮಾರ್ಚಿಯಲ್ಲಿ ತೀರಿಕೊಂಡರು. 2025ರ ಜನವರಿಯಲ್ಲಿ, ಡೋಮ್ ಸಿಗೆ ಸಮೀಪದ ಇನ್ನೊಂದು ಸ್ಥಳದಲ್ಲಿ 2,800 ಮೀಟರ್ ಕೊರೆದು, ಹನ್ನೆರಡು ಲಕ್ಷ ವರ್ಷಗಳಿಗೂ ಹಿಂದಿನ ಮಂಜುಗಡ್ಡೆಯನ್ನು ಮೇಲೆ ತಂದರು. ಸುಮಾರು ಹತ್ತು ಲಕ್ಷ ವರ್ಷಗಳ ಹಿಂದಿನ ತನಕ ಹಿಮಯುಗಗಳು ಸರಿಸುಮಾರು 41,000 ವರ್ಷಗಳಿಗೊಮ್ಮೆ ಬರುತ್ತಿದ್ದು, ಆಮೇಲೆ ಲಕ್ಷ ವರ್ಷಗಳಿಗೊಮ್ಮೆ ಬರತೊಡಗಿದುವು. ಈ ತಾಳ ಬದಲಾದುದೇಕೆ, ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾತ್ರವೆಷ್ಟು ಎಂಬುದು ಆ ದಿಂಡಿನ ಗುಳ್ಳೆಗಳನ್ನು ಕೇಳಬೇಕಾದ ಪ್ರಶ್ನೆ.